ಬನವಾಸಿಗೆ ಒಂದು ಗಂಟೆ ಸಾಕಾ, ಒಂದು ರಾತ್ರಿ ಉಳಿಯಬೇಕಾ?

ಪ್ರಶ್ನೆ: ನಾವು ಬೆಂಗಳೂರಿನವರು. ಜನವರಿಯಲ್ಲಿ ಮೂರು ದಿನ ರಜೆ ಸಿಕ್ಕಿದೆ. ಮಗಳು ಆರನೇ ಕ್ಲಾಸು. ಕದಂಬರ ಪಾಠ ಓದಿದಾಗಿನಿಂದ ಬನವಾಸಿ ನೋಡಬೇಕು ಅಂತ ಹಠ ಹಿಡಿದಿದ್ದಾಳೆ. ಜೊತೆಗೆ ನನ್ನ ಅಮ್ಮ ಬರುತ್ತಾರೆ, ಅವರಿಗೆ ಮಂಡಿನೋವು. ನಮ್ಮ ಹತ್ತಿರ ಕಾರಿಲ್ಲ. ಹೋಗಿಬಂದವರನ್ನು ಕೇಳಿದರೆ, 'ಇರೋದು ಒಂದೇ ದೇವಸ್ಥಾನ, ಒಂದು ಗಂಟೆ ಸಾಕು, ಜೋಗಕ್ಕೆ ಹೋಗುವಾಗ ನೋಡ್ಕೊಂಡು ಹೋಗಿ' ಅಂತಾರೆ. ಅಂಥ ಸಣ್ಣ ಊರಲ್ಲಿ ರಾತ್ರಿ ಉಳಿಯುವಷ್ಟು ಏನಿದೆ? ಎಲ್ಲಿ ಉಳಿಯೋದು, ಏನು ತಿನ್ನೋದು, ಊರಿನವರ ಜೊತೆ ಹೇಗಿರೋದು, ಸ್ವಲ್ಪ ಹೇಳ್ತೀರಾ?

ಉತ್ತರ: ಉಳಿಯಿರಿ. ಒಂದು ರಾತ್ರಿಯಾದರೂ ಬನವಾಸಿಯಲ್ಲೇ ಉಳಿಯಿರಿ, ಜೋಗವನ್ನು ಈ ಸಲ ಬಿಟ್ಟುಬಿಡಿ. ಜನವರಿ ಹೊತ್ತಿಗೆ ಜೋಗದಲ್ಲಿ ನೀರು ಇಳಿದಿರುತ್ತದೆ. ಬನವಾಸಿಗೆ ಮಾತ್ರ ಅದೇ ಒಳ್ಳೆಯ ಕಾಲ.

ಒಂದು ಗಂಟೆ ಸಾಕು ಅಂದವರು ಸುಳ್ಳು ಹೇಳಿಲ್ಲ. ಹನ್ನೊಂದು ಗಂಟೆಗೆ ಕಾರು ನಿಲ್ಲಿಸಿ, ಮಧುಕೇಶ್ವರನಿಗೆ ಕೈಮುಗಿದು, ನಂದಿ ಮುಂದೆ ಫೋಟೋ ತೆಗೆಸಿಕೊಂಡು, ಬಾಗಿಲಲ್ಲಿ ಎಳನೀರು ಕುಡಿದು ಹೊರಟರೆ ಒಂದು ಗಂಟೆಯೂ ಬೇಡ. ಆದರೆ ಆ ಹೊತ್ತಿನಲ್ಲಿ ಅಲ್ಲಿ ನೋಡಬೇಕಾದ ಅರ್ಧಕ್ಕರ್ಧ ಕಣ್ಣಿಗೇ ಬೀಳುವುದಿಲ್ಲ. ಬಿಸಿಲು ನೆತ್ತಿಗೆ ಬಂದಾಗ ಕಲ್ಲಿನ ಮೇಲಿನ ಕೆತ್ತನೆ ಚಪ್ಪಟೆಯಾಗಿ ಕಾಣುತ್ತದೆ. ಬೆಳಿಗ್ಗೆ ಏಳು ಗಂಟೆಗೆ, ಸಂಜೆ ಐದರ ನಂತರ, ಬೆಳಕು ಓರೆಯಾಗಿ ಬಿದ್ದಾಗ ಅದೇ ಕಲ್ಲಿನಲ್ಲಿ ಗೆರೆ, ಅಕ್ಷರ, ಬೆರಳು, ಒಡವೆ ಎಲ್ಲ ಎದ್ದು ಕಾಣುತ್ತವೆ. ಊರು ಕೂಡ ಬೆಳಿಗ್ಗೆ ಮತ್ತು ಸಂಜೆಯೇ ಮೈ ಕೊಡವಿಕೊಳ್ಳುವುದು. ಮಧ್ಯಾಹ್ನ ಅಂಗಡಿಯವರೂ ಮನೆಗೆ ಹೋಗಿ ಒಂದು ನಿದ್ದೆ ತೆಗೆಯುತ್ತಾರೆ. ಬನವಾಸಿ ನೋಡಬೇಕೆಂದರೆ ಒಂದು ಸಂಜೆ, ಒಂದು ಬೆಳಿಗ್ಗೆ ಎರಡೂ ಬೇಕು. ಅಂದಮೇಲೆ ನಡುವಿನ ರಾತ್ರಿ ಉಳಿಯಲೇಬೇಕಲ್ವಾ?

ಮೊದಲು ದೇವಸ್ಥಾನದ ಬಗ್ಗೆ ಹೇಳುತ್ತೇನೆ, ಯಾಕೆಂದರೆ ನಿಮ್ಮ ಮಗಳು ಬರುತ್ತಿರುವುದೇ ಅದಕ್ಕೆ. ಒಂದು ವಿಷಯ ಅವಳಿಗೆ ಮೊದಲೇ ತಿಳಿಸಿ. ಈ ಗುಡಿಯನ್ನು 'ಕದಂಬರು ಕಟ್ಟಿಸಿದ್ದು' ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸಲು ಆಗುವುದಿಲ್ಲ. ಒಬ್ಬರಾದ ಮೇಲೆ ಒಬ್ಬರು ಬಂದು ಸೇರಿಸುತ್ತಾ ಹೋದ ಗುಡಿ ಇದು. ಒಳಗಿನ ಭಾಗ ಸರಳ, ಗೋಡೆಯಲ್ಲಿ ಹೆಚ್ಚು ಅಲಂಕಾರ ಇಲ್ಲ. ಶಿಖರ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಮುಂದಿನ ದೊಡ್ಡ ತೆರೆದ ಮಂಟಪಕ್ಕೆ ಬಂದರೆ ಬೇರೆಯೇ ಕೈಚಳಕ. ತಿರುಗಣಿಯಲ್ಲಿ ಕಡೆದ, ಥಳಥಳಿಸುವ ದುಂಡು ಕಂಬಗಳು ಕಲ್ಯಾಣದ ಚಾಲುಕ್ಯರ ಕಾಲದ ಶೈಲಿ. ಆವರಣದಲ್ಲಿರುವ ಕಲ್ಲಿನ ಮಂಚ ಸೋದೆ ಅರಸರು 17ನೇ ಶತಮಾನದಲ್ಲಿ ಕೊಟ್ಟದ್ದು. ಅಂದರೆ ಒಂದು ಪ್ರಾಕಾರದೊಳಗೆ ಸಾವಿರ ವರ್ಷಕ್ಕೂ ಜಾಸ್ತಿ ಕಾಲದ ಕೆಲಸ ಇದೆ. ಪ್ರತಿಯೊಂದರ ಮುಂದೆ ನಿಂತು 'ಇದು ಯಾರ ಕಾಲದ್ದಿರಬಹುದು' ಅಂತ ಮಗಳಿಗೆ ಕೇಳುತ್ತಾ ಹೋಗಿ. ಕಂಬದ ನುಣುಪು ನೋಡಿಯೇ ಅವಳು ಹೇಳಲು ಶುರುಮಾಡುತ್ತಾಳೆ.

ಕಂಬಗಳ ವಿಷಯ ಬಂತು. ಒಂದು ಕಂಬದ ಮೈಯಲ್ಲಿ ಒಳಕ್ಕೆ ಬಾಗಿದ ಪಟ್ಟಿ ಒಂದು, ಹೊರಕ್ಕೆ ಉಬ್ಬಿದ ಪಟ್ಟಿ ಒಂದು ಇದೆ. ಮುಂದೆ ನಿಂತರೆ ಒಂದರಲ್ಲಿ ನಿಮ್ಮ ನೆರಳು ನೆಟ್ಟಗೆ, ಇನ್ನೊಂದರಲ್ಲಿ ತಲೆಕೆಳಗೆ. ಅರ್ಚಕರೋ ಊರಿನ ಹುಡುಗರೋ ತೋರಿಸುತ್ತಾರೆ. ಶಾಲೆಯಲ್ಲಿ ನಿಮ್ನ ದರ್ಪಣ, ಪೀನ ದರ್ಪಣ ಅಂತ ಮುಂದೆ ಓದುವ ಪಾಠ ಅವಳಿಗೆ ಇಲ್ಲೇ ಅರ್ಥವಾಗುತ್ತದೆ. ನಂದಿಯನ್ನು ಮಾತ್ರ ಅವಸರ ಮಾಡದೆ ನೋಡಿ. ಅದರ ಒಂದು ಕಣ್ಣು ಶಿವನ ಕಡೆ, ಇನ್ನೊಂದು ಕಣ್ಣು ಪಾರ್ವತಿಯ ಕಡೆ ಅಂತ ಊರಿನವರು ಹೇಳುತ್ತಾರೆ. ಅಷ್ಟೊಂದು ಕಂಬಗಳ ನಡುವೆಯೂ ನೋಟಕ್ಕೆ ಅಡ್ಡ ಬರದ ಹಾಗೆ ಮಂಟಪವನ್ನು ಜೋಡಿಸಿದ್ದಾರೆ. ತ್ರಿಲೋಕ ಮಂಟಪ, ಅರ್ಧ ಗಣಪತಿ ಇವನ್ನೆಲ್ಲ ಅಲ್ಲಿನವರೇ ಕರೆದು ತೋರಿಸುತ್ತಾರೆ, ನಾನು ಹೇಳಬೇಕಿಲ್ಲ.

ನಾನು ಹೇಳಲೇಬೇಕಾದದ್ದು ನಾಗರಕಲ್ಲು. ಜಾಸ್ತಿ ಜನ ಇದರ ಮುಂದೆ ಕುಂಕುಮ ಹಚ್ಚಿ ಮುಂದೆ ಹೋಗುತ್ತಾರೆ. ಐದು ಹೆಡೆಯ ಹಾವು, ಸುರುಳಿ ಸುರುಳಿಯಾಗಿ ಇಳಿದ ಮೈ, ಅಂಚಿನಲ್ಲಿ ಬರಹ. ಬರಹದ ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ. ಕಾಲ ಸುಮಾರು 2ನೇ ಶತಮಾನ. ಅಂದರೆ ಕದಂಬರ ಮಯೂರಶರ್ಮ ರಾಜ್ಯ ಕಟ್ಟುವುದಕ್ಕೂ ನೂರು ವರ್ಷಕ್ಕಿಂತ ಹೆಚ್ಚು ಮೊದಲಿನದು. ಆಗ ಇಲ್ಲಿ ಆಳುತ್ತಿದ್ದವರು ಚುಟು ಕುಲದ ಸಾತಕರ್ಣಿಗಳು. ಅರಸನ ಮಗಳು ಒಂದು ನಾಗ, ಒಂದು ಕೆರೆ, ಒಂದು ವಿಹಾರ ಮಾಡಿಸಿದಳು ಎಂದು ಕಲ್ಲು ಹೇಳುತ್ತದೆ. ವಿಹಾರ ಅಂದರೆ ಬೌದ್ಧ ಭಿಕ್ಷುಗಳು ಇರುವ ಜಾಗ. ಕೊನೆಗೆ ಇನ್ನೊಂದು ಮಾತು ಇದೆ: ಈ ನಾಗನನ್ನು ಮಾಡಿದವನು ದಾಮೋರಕ ಆಚಾರ್ಯನ ಶಿಷ್ಯ ನಟಕ. ಅರಸನ ಹೆಸರು ಕಲ್ಲಿನಲ್ಲಿ ಇರುವುದು ಸಾಮಾನ್ಯ. ಉಳಿ ಹಿಡಿದವನ ಹೆಸರು, ಅವನಿಗೆ ಕಲಿಸಿದ ಗುರುವಿನ ಹೆಸರು ಇಷ್ಟು ಹಿಂದೆಯೇ ಸಿಗುವುದು ಅಪರೂಪ. ಈ ಒಂದು ಕಲ್ಲಿಗಾಗಿಯೇ ಬನವಾಸಿಗೆ ಬರಬಹುದು ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ಅಕ್ಷರ ಕಾಣಬೇಕೆಂದರೆ ಒಂದು ಉಪಾಯ ಇದೆ. ಮೊಬೈಲಿನ ಟಾರ್ಚನ್ನು ನೇರವಾಗಿ ಹಿಡಿಯಬೇಡಿ, ಪಕ್ಕದಿಂದ ಓರೆಯಾಗಿ ಹಿಡಿಯಿರಿ. ನೆರಳು ತೋಡಿನೊಳಗೆ ಬಿದ್ದು ಅಕ್ಷರ ಮೂಡಿಬರುತ್ತದೆ. ಹಿಟ್ಟು, ಸುಣ್ಣ, ಚಾಕ್‌ಪೀಸ್ ಏನನ್ನೂ ಕಲ್ಲಿಗೆ ಉಜ್ಜಬೇಡಿ, ಉಜ್ಜುವವರನ್ನು ಕಂಡರೆ ಬೇಡ ಅನ್ನಿ. ಕಲ್ಲಿನ ಮೇಲ್ಮೈ ಒಮ್ಮೆ ಸವೆದರೆ ಮತ್ತೆ ಬರುವುದಿಲ್ಲ. ಗುಡಿ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ, ಅದೇ ಹೊತ್ತಿಗೆ ದಿನವೂ ಪೂಜೆ ನಡೆಯುವ ಗುಡಿ. ಆದ್ದರಿಂದ ಗರ್ಭಗುಡಿಯ ಕಡೆಗೆ ಕ್ಯಾಮೆರಾ ಎತ್ತುವ ಮೊದಲು ಅರ್ಚಕರನ್ನು ಒಂದು ಮಾತು ಕೇಳಿ.

ಅಮ್ಮನ ಮಂಡಿಯ ಬಗ್ಗೆ: ಗುಡಿಯ ಆವರಣ ಸಮತಟ್ಟು, ಬೆಟ್ಟ ಹತ್ತುವುದೇನೂ ಇಲ್ಲ. ಮಂಟಪಕ್ಕೆ ಹತ್ತುವಾಗ ಮಾತ್ರ ಕೈಹಿಡಿದುಕೊಳ್ಳಿ. ಮಂಟಪದ ಅಂಚಿನಲ್ಲಿ ಸುತ್ತಲೂ ಕಲ್ಲಿನ ಜಗಲಿ ಇದೆ. ಒರಗಿ ಕೂತರೆ ಬೆನ್ನಿಗೆ ಆಸರೆ, ಒಳಗೆ ತಂಪು. ಅವರನ್ನು ಅಲ್ಲಿ ಕೂರಿಸಿ ನೀವು, ಮಗಳು ಆವರಣ ಸುತ್ತಬಹುದು. ಪೂಜೆಗೆ ಬಂದ ಹೆಂಗಸರು ಯಾರಾದರೂ ಪಕ್ಕದಲ್ಲಿ ಕೂತು ಮಾತಿಗೆ ಎಳೆದೇ ಎಳೆಯುತ್ತಾರೆ. ಹಾಸುಗಲ್ಲು ಮಧ್ಯಾಹ್ನ ಕಾದ ಹೆಂಚಾಗಿರುತ್ತದೆ, ಅದಕ್ಕೂ ಬೆಳಿಗ್ಗೆ ಸಂಜೆಯೇ ಸರಿ. ಗರ್ಭಗುಡಿಯ ಬಾಗಿಲು ಮಧ್ಯಾಹ್ನ ಯಾವಾಗ ಹಾಕುತ್ತಾರೆ ಎಂದು ಬೆಳಿಗ್ಗೆಯೇ ಕೇಳಿಟ್ಟುಕೊಳ್ಳಿ.

ಆವರಣದಲ್ಲಿ ವೀರಗಲ್ಲುಗಳಿವೆ. ಅವನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಯಲ್ಲಿ ಕಾಳಗ. ನಡುವೆ, ಸತ್ತ ವೀರನನ್ನು ಅಪ್ಸರೆಯರು ಎತ್ತಿಕೊಂಡು ಹೋಗುವುದು. ಮೇಲೆ ಅವನು ಶಿವನ ಸನ್ನಿಧಿಯಲ್ಲಿ ಕೂತಿರುವುದು. ತುರು ಕಾಯಲು ಹೋಗಿ ಸತ್ತವರ ಕಲ್ಲಾದರೆ ಕೆಳಗೆ ದನಗಳೂ ಇರುತ್ತವೆ. ಮಗಳಿಗೆ ಇದನ್ನು ಒಂದು ಸಲ ತೋರಿಸಿಕೊಡಿ. ಆಮೇಲೆ ಈ ಸೀಮೆಯಲ್ಲಿ ಕೆರೆ ಏರಿ, ಊರ ಬಾಗಿಲು, ಹಳೇ ಗುಡಿ ಹಿಂದೆ ಎಲ್ಲಿ ವೀರಗಲ್ಲು ಕಂಡರೂ ಅವಳೇ ಕಥೆ ಹೇಳುತ್ತಾಳೆ.

ಈಗ ಊರು. ದೇವಸ್ಥಾನದ ಮುಂದಿನ ತೇರಿನ ಬೀದಿಯಲ್ಲಿ ಎರಡೂ ಕಡೆ ಹೆಂಚಿನ ಮನೆಗಳು, ಮುಂದೆ ಜಗಲಿ. ದೊಡ್ಡ ಮರದ ತೇರು ಇದೆ, ಅದರ ಗಾಲಿಯ ಪಕ್ಕ ಮಗಳನ್ನು ನಿಲ್ಲಿಸಿ ನೋಡಿ, ಅಳತೆ ಗೊತ್ತಾಗುತ್ತದೆ. ಸಂಜೆ ಇಲ್ಲಿಂದ ವರದಾ ನದಿಯ ಕಡೆಗೆ ನಡೆಯಿರಿ. ವರದೆ ಸಾಗರದ ಹತ್ತಿರ ವರದಾಮೂಲದಲ್ಲಿ ಹುಟ್ಟಿ, ಬನವಾಸಿಯನ್ನು ಬಳಸಿಕೊಂಡು ಹೋಗಿ, ಹಾವೇರಿ ಜಿಲ್ಲೆಯ ಗಳಗನಾಥದ ಹತ್ತಿರ ತುಂಗಭದ್ರೆಗೆ ಸೇರುತ್ತದೆ. ಊರಿಗೆ ನದಿಯೇ ಒಂದು ಕೋಟೆ. ಉಳಿದ ಕಡೆ ಇಟ್ಟಿಗೆ, ಜಂಬಿಟ್ಟಿಗೆ ಕೋಟೆ ಗೋಡೆ, ಅದರ ಹೊರಗೆ ಕಂದಕ. ಇವತ್ತು ಗೋಡೆಯ ಗುರುತು ಮಾತ್ರ ಉಳಿದಿದೆ, ಮೇಲೆ ಗಿಡ ಬೆಳೆದಿದೆ. ಸುಮ್ನೆ ನೋಡಿದರೆ ಮಣ್ಣಿನ ದಿಬ್ಬ. ಊರಿನ ಹಿರಿಯರೊಬ್ಬರು ಜೊತೆಗಿದ್ದು 'ಇದು ಕೋಟೆ, ಇದು ಕಂದಕ' ಅಂತ ತೋರಿಸಿದಾಗ ಮಾತ್ರ ರಾಜಧಾನಿ ಎಷ್ಟು ದೊಡ್ಡದಿತ್ತು ಎಂದು ಮನಸ್ಸಿಗೆ ಬರುತ್ತದೆ. ಅಶೋಕನ ಕಾಲದಲ್ಲಿ ಬೌದ್ಧ ಧರ್ಮ ಸಾರಲು ರಕ್ಖಿತ ಎಂಬ ಭಿಕ್ಷುವನ್ನು ಈ ವನವಾಸಿಗೆ ಕಳಿಸಿದರು ಎಂದು ಸಿಂಹಳದ ಹಳೆಯ ಗ್ರಂಥ ಹೇಳುತ್ತದೆ. ದೂರದ ಅಲೆಕ್ಸಾಂಡ್ರಿಯಾದ ಟಾಲೆಮಿಗೂ ಈ ಊರಿನ ಹೆಸರು ಗೊತ್ತಿತ್ತು. ಇಷ್ಟು ಹಳೆಯ ಊರು ಇವತ್ತು ಭತ್ತ, ಕಬ್ಬು, ಅಡಿಕೆ ಬೆಳೆದುಕೊಂಡು ತನ್ನ ಪಾಡಿಗೆ ತಾನಿದೆ. ನನಗೆ ಬನವಾಸಿ ಇಷ್ಟವಾಗುವುದೇ ಇದಕ್ಕೆ. ಹಂಪಿಯ ಹಾಗೆ ಇಲ್ಲಿ ಹಾಳು ಬಿದ್ದ ಪಟ್ಟಣ ಬೇರೆ, ಜನ ಇರುವ ಊರು ಬೇರೆ ಆಗಿಲ್ಲ. ಕಂದಕದ ಪಕ್ಕದಲ್ಲೇ ಯಾರದೋ ಹಿತ್ತಲು ಇರುತ್ತದೆ, ಬಟ್ಟೆ ಒಣಗುತ್ತಿರುತ್ತದೆ.

ಹಾಗಾಗಿಯೇ ನಡೆಯುವಾಗ ಸ್ವಲ್ಪ ಜಾಗ್ರತೆ ಬೇಕು. ನೀವು ನೋಡಲು ಬಂದಿರುವ ಜಾಗ ಇನ್ನೊಬ್ಬರ ಮನೆ ಬಾಗಿಲು. ಜಗಲಿಯ ಮೇಲೆ ಕೂತವರನ್ನು ಕಂಡರೆ ಮೊದಲು ನೀವೇ ಮಾತಾಡಿ. 'ಬೆಂಗಳೂರಿಂದ ಬಂದಿದೀವಿ, ಕೋಟೆ ಎಲ್ಲಿದೆ ಅಮ್ಮಾ?' ಅಂದರೆ ಸಾಕು. ಯಾರ ಮನೆಯವರು, ಏನು ಕೆಲಸ, ಮಗಳು ಎಷ್ಟನೇ ಕ್ಲಾಸು ಎಂದೆಲ್ಲ ಕೇಳುತ್ತಾರೆ. ಅದರಲ್ಲಿ ಕೆಟ್ಟ ಕುತೂಹಲ ಏನಿಲ್ಲ, ಗುರುತು ಮಾಡಿಕೊಳ್ಳುವ ಕ್ರಮ ಅದು. ಗಂಡಸರನ್ನು 'ಭಟ್ರೇ', 'ಹೆಗಡೇರೇ', 'ಗೌಡ್ರೇ' ಎಂದು ಊರಿನವರು ಕರೆಯುವುದು ಕೇಳಿಸುತ್ತದೆ. ಹೆಸರು ಗೊತ್ತಿಲ್ಲದಿದ್ದರೆ 'ಅಣ್ಣಾ', 'ಅಕ್ಕಾ', ವಯಸ್ಸಾದವರಿಗೆ 'ಅಜ್ಜಾ', 'ಅಮ್ಮಾ' ಸಾಕು. ಮನೆಯೊಳಗೆ ಕರೆದರೆ 'ಆಸರಿಗೆ ಬೇಕಾ?' ಎಂದು ಕೇಳುತ್ತಾರೆ, ಅಂದರೆ ಕುಡಿಯಲು ಏನಾದರೂ. ಮಜ್ಜಿಗೆಯೋ ಕಷಾಯವೋ ಬರುತ್ತದೆ. ಬೇಡ ಬೇಡ ಅಂತ ತುಂಬಾ ಹೇಳಬೇಡಿ, ಅರ್ಧ ಲೋಟವಾದರೂ ಕುಡಿಯಿರಿ. ಅಮ್ಮನಿಗೆ ಕವಳದ, ಅಂದರೆ ಎಲೆ ಅಡಿಕೆಯ, ತಟ್ಟೆ ಮುಂದಿಡುತ್ತಾರೆ. ಇದಕ್ಕೆಲ್ಲ ದುಡ್ಡು ಕೊಡಲು ಹೋಗಬೇಡಿ, ಬೇಜಾರು ಮಾಡಿಕೊಳ್ಳುತ್ತಾರೆ. ಆದರೆ ಒಬ್ಬರು ಎರಡು ತಾಸು ನಿಮ್ಮ ಜೊತೆ ತಿರುಗಿ ಎಲ್ಲ ತೋರಿಸಿದರೆ, ಅದು ಅವರ ಸಮಯ. ಅದಕ್ಕೆ ಕೊಡಬೇಕು, ಎಷ್ಟು ಎಂದು ಹೊರಡುವ ಮೊದಲೇ ಮಾತಾಡಿಕೊಂಡರೆ ಇಬ್ಬರಿಗೂ ಸಲೀಸು.

ಜನವರಿ ಅಡಿಕೆ ಕೊಯ್ಲಿನ ಕಾಲವೂ ಹೌದು. ಅಂಗಳದಲ್ಲಿ ಅಡಿಕೆ ಹರವಿರುತ್ತಾರೆ. ದಯವಿಟ್ಟು ಅದರ ಮೇಲೆ ಕಾಲಿಡಬೇಡಿ, ಮಗಳಿಗೂ ಹೇಳಿ. ಅದು ಆ ಮನೆಯ ವರ್ಷದ ದುಡಿಮೆ. ರಾತ್ರಿ ಹೊತ್ತು ಹೆಂಗಸರು ಗಂಡಸರು ಸಾಲಾಗಿ ಕೂತು ಅಡಿಕೆ ಸುಲಿಯುತ್ತಿರುತ್ತಾರೆ, ಬಾಯಿ ತುಂಬ ಮಾತು, ಕೈ ಮಾತ್ರ ನಿಲ್ಲುವುದಿಲ್ಲ. ಪರಿಚಯವಾದ ಮನೆಯಾದರೆ ಹೋಗಿ ಕೂತುಕೊಳ್ಳಿ.

ನಿಮ್ಮ ದಿನಗಳಿಗೆ ಇನ್ನೊಂದು ಅದೃಷ್ಟ ಇದೆ: ಆಲೆಮನೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಈ ಸೀಮೆಯಲ್ಲಿ ಅಲ್ಲಲ್ಲಿ ಕಬ್ಬಿನ ಗಾಣ ಆಡುತ್ತದೆ. ಹಿಂದೆ ಕೋಣ ಕಟ್ಟಿ ತಿರುಗಿಸುತ್ತಿದ್ದರು, ಈಗ ಹೆಚ್ಚಿನ ಕಡೆ ಯಂತ್ರ. ಊರಿನಲ್ಲಿ ಯಾವ ಹೋಟೆಲಿನಲ್ಲಿ ಕೇಳಿದರೂ ಇವತ್ತು ಎಲ್ಲಿ ಆಲೆಮನೆ ನಡೆದಿದೆ ಎಂದು ಹೇಳುತ್ತಾರೆ. ಮೊದಲು ಹೋದವರ ಕೈಗೆ ಕಬ್ಬಿನ ಹಾಲು ಬರುತ್ತದೆ, ಕೆಲವು ಕಡೆ ಶುಂಠಿ, ಲಿಂಬೆ ಹಾಕಿರುತ್ತಾರೆ. ಜೊತೆಗೆ ಮಂಡಕ್ಕಿ, ಮಿರ್ಚಿ ಭಜಿ ಇದ್ದರೆ ಅದು ಹಬ್ಬವೇ. ಆಮೇಲೆ ಒಲೆಯ ಹತ್ತಿರ ನಿಂತು ನೋಡಿ. ದೊಡ್ಡ ಕೊಪ್ಪರಿಗೆಯಲ್ಲಿ ಹಾಲು ಕುದಿಯುತ್ತಿರುತ್ತದೆ. ಒಲೆಗೆ ಉರುವಲು ಒಣಗಿದ ಕಬ್ಬಿನ ಸಿಪ್ಪೆಯೇ. ಮೇಲೆ ಬಂದ ಕೊಳೆಯನ್ನು ಸೌಟಿನಲ್ಲಿ ತೆಗೆಯುತ್ತಲೇ ಇರುತ್ತಾರೆ. ಬಣ್ಣ ಕೆಂಪಾಗುತ್ತಾ ಗುಳ್ಳೆ ದೊಡ್ಡದಾಗುತ್ತಾ ಬಂದಾಗ ಪಾಕ ನೋಡುವವರು ಮುಂದೆ ಬರುತ್ತಾರೆ. ಒಂದು ಹನಿಯನ್ನು ನೀರಿಗೆ ಬಿಟ್ಟು ಬೆರಳಲ್ಲಿ ಉರುಟಿ ನೋಡುತ್ತಾರೆ. ಬೇಗ ಇಳಿಸಿದರೆ ಬೆಲ್ಲ ಹುಳಿ ಬರುತ್ತದೆ, ತಡವಾದರೆ ಕಹಿ. ಇಲ್ಲಿ ಹೆಚ್ಚಾಗಿ ಮಾಡುವುದು ಜೋನಿ ಬೆಲ್ಲ, ಅಚ್ಚಿಗೆ ಹಾಕದೆ ಡಬ್ಬಕ್ಕೆ ತುಂಬುವ ಮಂದ ಬೆಲ್ಲ. ಒಂದು ಡಬ್ಬ ಕೊಂಡು ಬನ್ನಿ. ಬಿಸಿ ದೋಸೆಗೆ ಜೋನಿ ಬೆಲ್ಲ, ತುಪ್ಪ ಹಾಕಿ ತಿಂದ ಮೇಲೆ ಮಗಳು ಜಾಮ್ ಕೇಳುವುದಿಲ್ಲ. ಕೊಪ್ಪರಿಗೆಯಿಂದ ಮಕ್ಕಳನ್ನು ಮಾತ್ರ ದೂರ ನಿಲ್ಲಿಸಿ.

ಕಬ್ಬಿನ ಹಾಲಿನಲ್ಲೇ ತೊಡದೇವು ಮಾಡುತ್ತಾರೆ. ದುಂಡು ತಳದ ಮಣ್ಣಿನ ಗಡಿಗೆಯನ್ನು ಒಲೆಯ ಮೇಲೆ ಬೋರಲು ಹಾಕಿರುತ್ತಾರೆ. ಅಕ್ಕಿಯನ್ನು ನುಣ್ಣಗೆ ರುಬ್ಬಿ ಕಬ್ಬಿನ ಹಾಲಿನಲ್ಲಿ ತೆಳ್ಳಗೆ ಮಾಡಿದ ಹಿಟ್ಟು. ಕೋಲಿಗೆ ಸುತ್ತಿದ ಬಟ್ಟೆಯನ್ನು ಅದರಲ್ಲಿ ಅದ್ದಿ ಗಡಿಗೆಯ ಬೆನ್ನಿನ ಮೇಲೆ ಒಂದೇ ಸಲ ಎಳೆದರೆ ಕಾಗದದಷ್ಟು ತೆಳುವಾದ ಪದರ ಆಗುತ್ತದೆ. ಅಂಚು ಏಳುವಷ್ಟರಲ್ಲಿ ಎತ್ತಿ, ಬಿಸಿ ಇರುವಾಗಲೇ ಮಡಚಬೇಕು. ಒಂದು ಕ್ಷಣ ತಡವಾದರೆ ಪುಡಿಯಾಗುತ್ತದೆ. ಬೇಕರಿಯ ಪೊಟ್ಟಣದಲ್ಲೂ ಸಿಗುತ್ತದೆ, ಆದರೆ ಮಾಡುವುದನ್ನು ನೋಡುವ ಅವಕಾಶ ಸಿಕ್ಕರೆ ಬಿಡಬೇಡಿ.

ಊಟದ ವಿಷಯದಲ್ಲಿ ದೊಡ್ಡ ನಿರೀಕ್ಷೆ ಇಟ್ಟುಕೊಳ್ಳಬೇಡಿ. ಬನವಾಸಿಯ ಹೋಟೆಲುಗಳು ಸಣ್ಣವು. ಬೆಳಿಗ್ಗೆ ಇಡ್ಲಿ, ಅವಲಕ್ಕಿ, ಬನ್ಸ್ ಸಿಗುತ್ತದೆ. ಮಧ್ಯಾಹ್ನ ಊಟ ಇರುತ್ತದೆ. ರಾತ್ರಿ ಬೇಗ ಬಾಗಿಲು ಹಾಕುತ್ತಾರೆ, ಎಂಟು ಗಂಟೆಗೆ ಹೋಗಿ 'ಏನಿದೆ' ಅಂದರೆ ಏನೂ ಇರದಿರಬಹುದು. ಸಂಜೆ ಕಾಫಿ ಕುಡಿಯುವಾಗಲೇ 'ಇಷ್ಟು ಜನ ರಾತ್ರಿ ಊಟಕ್ಕೆ ಬರ್ತೀವಿ' ಎಂದು ಹೇಳಿಡಿ. ಈ ಸೀಮೆಯ ನಿಜವಾದ ಅಡುಗೆ ಮನೆಗಳಲ್ಲಿದೆ: ಮಜ್ಜಿಗೆಯ ತಂಬುಳಿ, ಮಾವಿನಕಾಯಿಯ ತೆಳು ಸಾರು ಅಪ್ಪೆಹುಳಿ, ತೆಳ್ಳನೆಯ ದೋಸೆ ತೆಳ್ಳೇವು. ಹೋಮ್‌ಸ್ಟೇಯಲ್ಲಿ ಉಳಿದರೆ ಇವನ್ನೇ ಕೇಳಿ. ಹೊರಗಿನಿಂದ ಬಂದವರಿಗೆ ಹಿಡಿಸುತ್ತದೋ ಇಲ್ಲವೋ ಎಂದು ಅವರು ಚಪಾತಿ, ಪನೀರು ಮಾಡಿಡುತ್ತಾರೆ. ನೀವೇ ಮೊದಲು ಹೇಳದಿದ್ದರೆ ಅಪ್ಪೆಹುಳಿ ಎಲೆಗೆ ಬರುವುದಿಲ್ಲ.

ಉಳಿಯಲು ಬನವಾಸಿಯಲ್ಲಿ ಜಾಗ ಕೆಲವೇ. ಸಣ್ಣ ವಸತಿಗೃಹ, ಸುತ್ತಲ ಹಳ್ಳಿಗಳಲ್ಲಿ ಹೋಮ್‌ಸ್ಟೇ. ಹೊರಡುವ ಮೊದಲೇ ಫೋನ್ ಮಾಡಿ ಮಾತಾಡಿ. ನೆಲಮಹಡಿಯ ಕೋಣೆ, ಬಿಸಿನೀರು, ಪಾಶ್ಚಾತ್ಯ ಶೈಲಿಯ ಕಮೋಡ್ ಇದೆಯಾ ಎಂದು ಅಮ್ಮನ ಸಲುವಾಗಿ ನೇರವಾಗಿಯೇ ಕೇಳಿ. ಅದರಲ್ಲಿ ಸಂಕೋಚ ಬೇಡ. ಎಲ್ಲಿಯೂ ಸಿಗಲಿಲ್ಲ ಅಂದರೆ ಮಾತ್ರ ಶಿರಸಿಯಲ್ಲಿ ಉಳಿಯಿರಿ, ಅಲ್ಲಿ ಲಾಡ್ಜುಗಳು ಬೇಕಾದಷ್ಟಿವೆ. ಹಾಗೆ ಮಾಡಿದರೆ ಬೆಳಗಿನ ಮೊದಲ ಬಸ್ಸಿಗೆ ಬನವಾಸಿಗೆ ಬನ್ನಿ. ಕದಂಬೋತ್ಸವದ ದಿನಗಳು ಯಾವಾಗ ಎಂದು ನೋಡಿಕೊಳ್ಳುವುದು ಒಳ್ಳೆಯದು. ಸರಕಾರ ನಡೆಸುವ ಉತ್ಸವ ಅದು, ದಿನ ವರ್ಷ ವರ್ಷ ಬದಲಾಗುತ್ತದೆ. ಹಾಡು, ಕುಣಿತ, ಜನಜಂಗುಳಿ ಬೇಕೆಂದರೆ ಆಗಲೇ ಹೋಗಿ. ನಿಮ್ಮ ಹಾಗೆ ಅಮ್ಮನನ್ನು, ಮಗಳನ್ನು ಕರೆದುಕೊಂಡು ನಿಧಾನವಾಗಿ ನೋಡುವವರಿಗೆ ಆ ದಿನಗಳು ಬೇಡ ಅನ್ನುತ್ತೇನೆ.

ಕಾರಿಲ್ಲ ಎಂದು ಚಿಂತೆ ಮಾಡಬೇಡಿ. ಬೆಂಗಳೂರಿನಿಂದ ಶಿರಸಿಗೆ ರಾತ್ರಿ ಬಸ್ಸುಗಳಿವೆ. ರೈಲು ಬೇಕೆಂದರೆ ಹಾವೇರಿಗೆ ಬಂದು ಅಲ್ಲಿಂದ ಶಿರಸಿ ಬಸ್ಸು ಹಿಡಿಯಬಹುದು. ಅಮ್ಮನಿಗೆ ರೈಲಿನ ಕೆಳಗಿನ ಬರ್ತೇ ಹಿತ. ಶಿರಸಿಯಿಂದ ಬನವಾಸಿ 25 ಕಿಲೋಮೀಟರಿಗಿಂತ ಕಡಿಮೆ, ಬಸ್ಸಿನಲ್ಲಿ ಒಂದು ತಾಸಿನೊಳಗೆ. ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ಹಿಡಿದುಕೊಂಡಿದ್ದರೆ ಮನೆಯ ಹೆಂಗಸರಿಗೆ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ. ಶಾಲೆ ಬಿಡುವ, ಶುರುವಾಗುವ ಹೊತ್ತಿನಲ್ಲಿ ಬಸ್ಸು ತುಂಬಿರುತ್ತದೆ, ಆ ಹೊತ್ತು ತಪ್ಪಿಸಿ. ಇಳಿಯುವಾಗಲೇ ಕಂಡಕ್ಟರನ್ನು 'ಕಡೇ ಬಸ್ಸು ಎಷ್ಟೊತ್ತಿಗೆ' ಎಂದು ಕೇಳಿಡಿ. ಮೊಬೈಲಿನಲ್ಲಿ ತೋರಿಸುವ ಸಮಯಕ್ಕಿಂತ ಅವರ ಮಾತು ನಂಬಿಕೆಯದು. ಯುಪಿಐ ಹೆಚ್ಚಿನ ಅಂಗಡಿಗಳಲ್ಲಿ ನಡೆಯುತ್ತದೆ, ಆದರೂ ನೆಟ್‌ವರ್ಕ್ ಕೈಕೊಡುವ ಜಾಗ ಇದೆ, ಚಿಲ್ಲರೆ ಇಟ್ಟುಕೊಂಡಿರಿ.

ಇನ್ನು ಎರಡನೇ ದಿನ ಬೆಳಿಗ್ಗೆ, ದೇವಸ್ಥಾನವನ್ನು ಮತ್ತೊಮ್ಮೆ ನೋಡಿದ ಮೇಲೆ, ಆಟೋ ಮಾಡಿಕೊಂಡು ಗುಡ್ನಾಪುರಕ್ಕೆ ಹೋಗಿಬನ್ನಿ. ಶಿರಸಿ ಕಡೆಗೆ ಸುಮಾರು 5 ಕಿಲೋಮೀಟರ್. ದೊಡ್ಡ ಕೆರೆ, ಬಂಗಾರೇಶ್ವರ ಗುಡಿ. ಕದಂಬ ರವಿವರ್ಮನ ಶಾಸನ ಸಿಕ್ಕಿದ ಊರು ಇದು. ಅವನು ಕಾಮಜಿನಾಲಯ ಎಂಬ ಬಸದಿ ಕಟ್ಟಿಸಿದ್ದು, ಅಲ್ಲಿ ನಡೆಯುತ್ತಿದ್ದ ವಸಂತೋತ್ಸವ, ಇದೆಲ್ಲ ಅದರಲ್ಲಿದೆ. ಬೆಳಿಗ್ಗೆ ಕೆರೆಯಲ್ಲಿ ಹಕ್ಕಿಗಳಿರುತ್ತವೆ. ದಾರಿಯುದ್ದಕ್ಕೂ ಅನಾನಸ್ ತೋಟ. ಬನವಾಸಿ ಸೀಮೆಯ ಅನಾನಸ್ ಲಾರಿ ತುಂಬಿ ಉತ್ತರ ಭಾರತದವರೆಗೂ ಹೋಗುತ್ತದೆ. ಬಿಸಿಲು ಏರುವ ತಿಂಗಳುಗಳಲ್ಲಿ ಬಂದರೆ ರಸ್ತೆ ಬದಿಯಲ್ಲಿ ರಾಶಿ ಹಾಕಿರುವುದು ಕಾಣುತ್ತದೆ.

ಒಂದು ಎಚ್ಚರಿಕೆ. ಶಿರಸಿ, ಸಿದ್ದಾಪುರ, ಸಾಗರದ ಕಾಡುಗಳಲ್ಲಿ ಚಳಿಗಾಲದಿಂದ ಮಳೆ ಬೀಳುವವರೆಗೆ ಮಂಗನ ಕಾಯಿಲೆ ಇರುತ್ತದೆ. ಉಣ್ಣೆ ಎಂಬ ಸಣ್ಣ ಹುಳು ಕಚ್ಚಿದರೆ ಬರುವ ಜ್ವರ. ಬನವಾಸಿ ಊರೊಳಗೆ, ಗದ್ದೆ ಬಯಲಿನಲ್ಲಿ ತಿರುಗುವುದಕ್ಕೆ ಹೆದರಬೇಕಿಲ್ಲ. ಆದರೆ ಚೆನ್ನಾಗಿದೆ ಅಂತ ಕಾಡಿನೊಳಗೆ ನುಗ್ಗಬೇಡಿ, ತರಗೆಲೆಯ ಮೇಲೆ ಕೂರಬೇಡಿ, ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಊರಿನವರಿಗೆ ತಿಳಿಸಿ. ಹಿಂತಿರುಗಿದ ಮೇಲೆ ವಾರದೊಳಗೆ ಜೋರು ಜ್ವರ ಬಂದರೆ ಎಲ್ಲಿಗೆ ಹೋಗಿದ್ದಿರಿ ಎಂದು ಡಾಕ್ಟರಿಗೆ ಹೇಳಿ. ಮಳೆಗಾಲದಲ್ಲಿ ಬರುವವರಿಗೆ ಬೇರೆ ಮಾತು: ಜುಲೈ, ಆಗಸ್ಟಿನಲ್ಲಿ ವರದೆ ಉಕ್ಕಿದರೆ ಗದ್ದೆಗಳೆಲ್ಲ ನೀರಾಗುತ್ತವೆ, ರಸ್ತೆಯೂ ಕೆಲವು ಸಲ ಮುಳುಗುತ್ತದೆ.

ಎರಡನೇ ರಾತ್ರಿಯೂ ಇಲ್ಲೇ ಉಳಿಯಿರಿ, ಮೂರನೇ ದಿನಕ್ಕೆ ಬಂದ ದಾರಿಯಲ್ಲೇ ವಾಪಸ್ ಹೋಗಬೇಡಿ. ಬನವಾಸಿಯಲ್ಲಿ ಒಂದು ಕಾರು ಬಾಡಿಗೆಗೆ ಮಾತಾಡಿ, ವರದೆ ದಾಟಿ ಶಿವಮೊಗ್ಗ ಜಿಲ್ಲೆಯ ಕಡೆ ಹೊರಡಿ. ಮೊದಲು ಆನವಟ್ಟಿ ಹತ್ತಿರ ಕೋಟಿಪುರದ ಕೈಟಭೇಶ್ವರ. ಮಧು, ಕೈಟಭ ಅಣ್ಣತಮ್ಮಂದಿರು, ಮಧುವಿನ ಹೆಸರಿನಲ್ಲಿ ಬನವಾಸಿಯ ಗುಡಿ, ಕೈಟಭನ ಹೆಸರಿನಲ್ಲಿ ಇದು ಎಂದು ಜನ ಹೇಳುತ್ತಾರೆ. ಒಂದನ್ನು ನೋಡಿ ಇನ್ನೊಂದನ್ನು ಬಿಟ್ಟರೆ ಕಥೆ ಅರ್ಧವಾಗುತ್ತದೆ. ಅಮ್ಮನಿಗೆ ಕೂರಲು ಇಲ್ಲೂ ತಂಪಾದ ತೆರೆದ ಮಂಟಪ ಇದೆ.

ಅಲ್ಲಿಂದ ಶಿರಾಳಕೊಪ್ಪದ ಹತ್ತಿರ ತಾಳಗುಂದ. ಮಗಳ ಪಾಠದ ಮಯೂರಶರ್ಮನ ಊರು ಇದೇ. ಓದಲು ಕಂಚಿಗೆ ಹೋಗಿ, ಅಲ್ಲಿ ಪಲ್ಲವರ ಕುದುರೆ ಸವಾರನಿಂದ ಅವಮಾನಪಟ್ಟು, ಓಲೆ ಬಿಟ್ಟು ಕತ್ತಿ ಹಿಡಿದು, 4ನೇ ಶತಮಾನದ ನಡುವೆ ರಾಜ್ಯ ಕಟ್ಟಿದ ಕಥೆ ನಮಗೆ ಗೊತ್ತಾಗಿದ್ದೇ ಇಲ್ಲಿನ ಪ್ರಣವೇಶ್ವರ ಗುಡಿಯ ಮುಂದಿರುವ ಕಂಬದಿಂದ. ಕುಬ್ಜ ಎಂಬ ಕವಿ ಬರೆದ ಶಾಸನ ಅದು. ಅದೇ ಜಾಗದಲ್ಲಿ 2013ರಲ್ಲಿ ಪುರಾತತ್ವ ಇಲಾಖೆ ಅಗೆದಾಗ ಸಿಂಹದ ಕೆತ್ತನೆಯ ಕಟಾಂಜನದ (ಮೆಟ್ಟಿಲ ಪಕ್ಕದ ಕಲ್ಲಿನ ಕೈಪಿಡಿಯ) ಮೇಲೆ ಇನ್ನೊಂದು ಶಾಸನ ಸಿಕ್ಕಿತು. ಅದು 370ರ ಸುಮಾರಿನದು, ಹಲ್ಮಿಡಿ ಶಾಸನಕ್ಕಿಂತ ಹಳೆಯ ಕನ್ನಡ ಎನ್ನುತ್ತಾರೆ. ನನ್ನನ್ನು ಕೇಳಿದರೆ ಪಾಠಪುಸ್ತಕವನ್ನು ಜೊತೆಗೇ ತನ್ನಿ. ಆ ಕಂಬದ ಮುಂದೆ ನಿಂತು ಮಗಳು ಆ ಪುಟ ಓದಲಿ, ಅಜ್ಜಿ ಕೇಳಲಿ.

ಸಮಯ ಉಳಿದರೆ ಬಳ್ಳಿಗಾವಿ, ಅದೂ ಶಿರಾಳಕೊಪ್ಪದ ಪಕ್ಕದಲ್ಲೇ. ಅಲ್ಲಮಪ್ರಭುವಿನ ಊರು. ಕೇದಾರೇಶ್ವರ ಗುಡಿ, ಎತ್ತರದ ಗಂಡಭೇರುಂಡದ ಕಂಬ ಎರಡನ್ನಾದರೂ ನೋಡಿ. ಕಾರನ್ನು ಶಿರಾಳಕೊಪ್ಪದಲ್ಲಿ ಬಿಟ್ಟು ಶಿಕಾರಿಪುರದ ಮೇಲೆ ಶಿವಮೊಗ್ಗಕ್ಕೆ ಬಸ್ಸು ಹಿಡಿಯಿರಿ, ಅಲ್ಲಿಂದ ರಾತ್ರಿ ರೈಲಿದೆ. ಟಿಕೆಟ್ಟನ್ನು ಮಾತ್ರ ಈಗಲೇ ಮಾಡಿಸಿ, ಸಂಕ್ರಾಂತಿ ಹತ್ತಿರವಾದರೆ ಕೆಳಗಿನ ಬರ್ತ್ ಸಿಗುವುದು ಕಷ್ಟ.